ಒಂಬತ್ತನೆಯ ಫಾರಂ

ಸುಳ್ಳು ಹೇಳಿ ಹತ್ತು ನಿಮಿಷವೂ ಆಗಿರಲಿಲ್ಲ, ಗ್ರಂಥಾಲಯದ ಪುಸ್ತಕ ಕಟ್ಟುವ ಕೋಣೆಯಲ್ಲಿ ಒಲೆಯ ಮೇಲಿದ್ದ ಅಂಟು ಗಂಟು ಕಟ್ಟಿತು. ಹದಿನೇಳು ವರ್ಷದಿಂದ ದಿನಾ ಬೆಳಿಗ್ಗೆ ಅದೇ ಅಲ್ಯೂಮಿನಿಯಂ ಪಾತ್ರೆಯಲ್ಲಿ, ಅದೇ ಅಂಚು ಮುಕ್ಕಾದ ಬಟ್ಟಲಿನ ಅಳತೆಯಲ್ಲಿ ಮೈದಾಹಿಟ್ಟು ಕದಡಿ ಕಾಯಿಸುತ್ತ ಬಂದ ಕೈ. ಕಣ್ಣು ಮುಚ್ಚಿಕೊಂಡು ಮಾಡಿದರೂ ತಪ್ಪುತ್ತಿರಲಿಲ್ಲ. ಇವತ್ತು ಕಣ್ಣು ತೆರೆದೇ ಇತ್ತು, ಆದರೆ ಅದು ಪಾತ್ರೆಯ ಕಡೆ ಇರಲಿಲ್ಲ. ಮೇಜಿನ ಮೇಲೆ ಗ್ರಂಥಪಾಲಕ ಇಟ್ಟುಹೋದ ಕಂದು ರಟ್ಟಿನ ದಪ್ಪ ಪುಸ್ತಕದ ಬೆನ್ನಿನಲ್ಲಿ, ಬಟ್ಟೆ ಹರಿದ ಕಡೆ ಇಣುಕುತ್ತಿದ್ದ ಒಂದು ಎಳೆ ಹಸಿರು ದಾರದಲ್ಲಿ ಸಿಕ್ಕಿಕೊಂಡಿತ್ತು. ಒಲೆ ಆರಿಸಿದಳು. ಸೌಟಿನಿಂದ ಒಂದು ಗಂಟನ್ನು ಪಾತ್ರೆಯ ಗೋಡೆಗೆ ಒತ್ತಿದಳು. ಅದು ಒಡೆಯದೆ ಜಾರಿ ಮತ್ತೆ ಅಂಟಿನೊಳಗೆ ಮುಳುಗಿತು.

ಗ್ರಂಥಪಾಲಕ ಬಂದದ್ದು ನಗುತ್ತಲೇ. ಅವಳಿಗಿಂತ ಹದಿನೈದು ವರ್ಷ ಚಿಕ್ಕವನು, ಈ ಗ್ರಂಥಾಲಯಕ್ಕೆ ಬಂದು ನಾಲ್ಕು ವರ್ಷ, ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳದ ಮನುಷ್ಯ. "ಮೇಡಂ, ಒಂದು ತಮಾಷೆ ನೋಡಿ," ಎಂದು ಪುಸ್ತಕವನ್ನು ಮೇಜಿನ ಮೇಲೆ ಇಟ್ಟು, ಜೊತೆಗಿದ್ದ ಕಾಗದವನ್ನು ಗಾಳಿಯಲ್ಲಿ ಆಡಿಸಿದ. "ಒಬ್ಬರು ಲೆಕ್ಚರರ್ ದೂರು ಕೊಟ್ಟಿದ್ದಾರೆ. ನ್ಯಾಯಾಧೀಶರು ಕೋರ್ಟಿನ ಬಾಗಿಲು ತಳ್ಳಿ ಒಳಗೆ ಹೋದ್ರೆ ಅದು ಯಾರದೋ ಅಡುಗೆಮನೆಯಂತೆ! ಹದಿನಾರು ಪುಟ ಅಲ್ಲೇ ಇದ್ದು, ಆಮೇಲೆ ಏನೂ ಆಗದವರ ಹಾಗೆ ಕೋರ್ಟಿಗೆ ವಾಪಸು ಬಂದು 'ಸಾಕ್ಷಿಗಳನ್ನು ಕರೆಯಿರಿ' ಅಂತಾರಂತೆ." ಅವಳು ನಗಲಿಲ್ಲ. ಅವನಿಗೆ ಅದು ಗಮನಕ್ಕೆ ಬರಲಿಲ್ಲ. "ಇನ್ಯಾವುದೋ ಪುಸ್ತಕದ ಹದಿನಾರು ಪುಟದ ಫಾರಂ ಸೇರಿಕೊಂಡುಬಿಟ್ಟಿದೆ. ಕಟ್ಟಿ ಒಂಬತ್ತು ವರ್ಷ ಆಯ್ತು. ಅರವತ್ತೆರಡು ಸಲ ಹೊರಗೆ ಹೋಗಿದೆ. ಅರವತ್ತೆರಡು! ಒಬ್ಬರಾದ್ರೂ ಬಾಯಿ ಬಿಟ್ಟಿದ್ದಾರಾ? ಜನ ಓದೋದಿಲ್ಲ ಮೇಡಂ. ತಗೊಂಡು ಹೋಗ್ತಾರೆ, ತಲೆದಿಂಬಿನ ಪಕ್ಕ ಇಟ್ಕೋತಾರೆ, ತಂದು ಕೊಡ್ತಾರೆ. ಅಷ್ಟೇ. ಅಂದ ಹಾಗೆ ಯಾರು ಕಟ್ಟಿದ್ದು ಇದನ್ನ?"

"ಹಳೇದು ಸರ್," ಎಂದಿದ್ದಳು ಅವಳು, ಸೌಟು ತಿರುವುತ್ತ. "ಆಗ ಸ್ವಲ್ಪ ದಿನ ಹೊರಗಡೆ ಕೊಡ್ತಾ ಇದ್ರು."

"ಅದೇ ಅಂದ್ಕೊಂಡೆ. ನಿಮ್ಮ ಕೈಯಲ್ಲಿ ಇಂಥಾದ್ದೆಲ್ಲ ಆಗೋದಿಲ್ಲ ಬಿಡಿ."

ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಹೊರಗಿನವರ ತಪ್ಪು ಎಂದು ಲೆಕ್ಚರರಿಗೆ ಉತ್ತರ ಬರೆದುಬಿಡುತ್ತೇನೆ, ಐದು ಗಂಟೆಗೆ ಅವರೇ ಬರುತ್ತಾರೆ ಎಂದ. "ಆ ಹದಿನಾರು ಪುಟ ಯಾವ ಪುಸ್ತಕದ್ದೋ, ದೇವರಿಗೇ ಗೊತ್ತು. ಇಪ್ಪತ್ತು ಸಾವಿರ ಪುಸ್ತಕದಲ್ಲಿ ಎಲ್ಲಿ ಅಂತ ಹುಡುಕ್ತೀರಿ? ಕಿತ್ತು ಹಾಕಿ, ಇಷ್ಟು ಪುಟ ಇಲ್ಲ ಅಂತ ಒಂದು ಚೀಟಿ ಅಂಟಿಸಿಬಿಡಿ. ಆಯ್ತಲ್ಲ?" ಬಾಗಿಲವರೆಗೆ ಹೋದವನು ಮೂಗು ಅರಳಿಸಿ, "ಏನೋ ಹತ್ತಿದ ವಾಸನೆ," ಎಂದು ಹೇಳಿ ಹೋದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳು ನೋಡಿಕೊಂಡದ್ದು ಬೆರಳನ್ನು. ಬಲಗೈ ತೋರುಬೆರಳಿನ ತುದಿಯಲ್ಲಿ ಸೂಜಿ ಒತ್ತಿ ಒತ್ತಿ ಆದ ಗಟ್ಟಿ ಚರ್ಮ, ಸಣ್ಣ ಬೇಳೆಯಷ್ಟು.

ಯಾವ ಪುಸ್ತಕದ್ದೆಂದು ದೇವರಿಗೆ ಗೊತ್ತೋ ಇಲ್ಲವೋ, ಅವಳಿಗೆ ಗೊತ್ತಿತ್ತು. ಬೂದು ರಟ್ಟಿನ ತೆಳು ಪುಸ್ತಕ. ಎರಡೂ ಒಂದೇ ಮುದ್ರಣಾಲಯದವು, ಒಂದೇ ಅಳತೆಯ ಕಾಗದ, ಒಂದೇ ಅಚ್ಚಿನ ಮೊಳೆ. ಹದಿನಾರು ಪುಟಕ್ಕೊಂದು ಫಾರಂ, ಎಂಟು ಫಾರಂ ಮುಗಿದರೆ ನೂರಿಪ್ಪತ್ತೆಂಟು. ಹಾಗಾಗಿ ಒಂಬತ್ತನೆಯದು ಯಾವ ಪುಸ್ತಕದ್ದಾದರೂ ನೂರಿಪ್ಪತ್ತೊಂಬತ್ತರಿಂದ ಶುರುವಾಗಿ ನೂರನಲವತ್ತನಾಲ್ಕಕ್ಕೆ ಮುಗಿಯುತ್ತದೆ. ಪುಟಸಂಖ್ಯೆ ನೋಡಿ ಕಂಡುಹಿಡಿಯುವುದು ಸಾಧ್ಯವೇ ಇರಲಿಲ್ಲ. ಅದರ ಮೇಲೆ ಆ ಸೇರಿಕೆ. ನೂರಿಪ್ಪತ್ತೆಂಟನೆಯ ಪುಟದ ಕೊನೆಯ ಸಾಲಿನಲ್ಲಿ ನ್ಯಾಯಾಧೀಶರು ಬಾಗಿಲು ತಳ್ಳುತ್ತಾರೆ; ಎದುರು ಪುಟ 'ಒಳಗೆ ಯಾರೂ ಇರಲಿಲ್ಲ. ಒಲೆಯ ಮೇಲೆ ನೀರು ಕಾಯುತ್ತಿತ್ತು' ಎಂದು ಶುರುವಾಗುತ್ತದೆ. ಪುಸ್ತಕ ತೆರೆಯದೆಯೇ ಆ ಸಾಲು ಅವಳಿಗೆ ಕಂಡಿತು. ತೆಳು ಪುಸ್ತಕವನ್ನು ಈಗ ತಂದು ತೋರಿಸಿದರೆ ಅವನು ಕೇಳುವ ಮೊದಲ ಪ್ರಶ್ನೆ, ಇದೇ ಅಂತ ಹೇಗೆ ಗೊತ್ತಾಯ್ತು ಎಂಬುದು. ತರದಿದ್ದರೆ ಕಿತ್ತುಹಾಕಬೇಕು. ಹದಿನಾರು ಪುಟ ಕಸದ ಬುಟ್ಟಿಗೆ ಹೋಗುತ್ತವೆ, ಅವಳ ಸುಳ್ಳು ನಿಲ್ಲುತ್ತದೆ. ಕತ್ತರಿಸುವ ಚಾಕು ಮೇಜಿನ ಎಡಗಡೆ, ಯಾವಾಗಲೂ ಇರುವ ಜಾಗದಲ್ಲೇ ಇತ್ತು.

ಆ ಕೋಣೆಗೆ ಒಂದೇ ಕಿಟಕಿ, ಅದು ತೆರೆಯುವುದು ಪಕ್ಕದ ಕಟ್ಟಡದ ಗೋಡೆಗೆ. ಹರಿದ ಪುಸ್ತಕಗಳು ಒಳಗೆ ಬರುತ್ತವೆ, ಹೊಲಿದ ಪುಸ್ತಕಗಳು ಹೊರಗೆ ಹೋಗುತ್ತವೆ. ಮನುಷ್ಯರು ಬಾಗಿಲಲ್ಲೇ ನಿಂತು ಮಾತಾಡಿ ಹೋಗುತ್ತಾರೆ. ಕೌಂಟರಿನವರು ಅವಳನ್ನು ತಮ್ಮ ತಮ್ಮಲ್ಲಿ ಗೋಂದು ಎಂದು ಕರೆಯುತ್ತಿದ್ದರು. ಒಮ್ಮೆ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದಾಗ ಕೇಳಿಸಿಕೊಂಡಿದ್ದಳು. "ಗೋಂದುಗೆ ಹೇಳಿ ಬಾ, ಟೀ ಬಂದಿದೆ." "ಗೋಂದು ಎಲ್ಲಿ ಬರುತ್ತೆ, ಕೂತಲ್ಲೇ ಅಂಟಿಕೊಂಡಿರುತ್ತೆ." ಅದರಲ್ಲಿ ದ್ವೇಷವೇನೂ ಇರಲಿಲ್ಲ. ಅವಳು ಹೋಗಿ ಟೀ ಕುಡಿದಳು, ಅವರ ಜೊತೆ ನಕ್ಕಳು ಕೂಡ. ಮನೆಗೆ ಹೋಗುವ ಬಸ್ಸಿನಲ್ಲಿ ಮಾತ್ರ ಅಂಗೈಗಳನ್ನು ಬಿಡಿಸಿ ನೋಡಿಕೊಂಡಿದ್ದಳು. ಮನೆ ಎಂದರೆ ಅಣ್ಣನ ಮನೆ. ಅತ್ತಿಗೆ ಕೆಟ್ಟವಳಲ್ಲ. "ನಿಮಗೇನು, ದಿನವಿಡೀ ಪುಸ್ತಕದ ಮಧ್ಯೆ. ಕೂತು ಓದ್ತಾ ಇರಬಹುದು," ಎಂದು ಇವತ್ತು ಬೆಳಿಗ್ಗೆಯೂ ಹೇಳಿದ್ದಳು, ಬುತ್ತಿ ಕೈಗಿಡುತ್ತ. ಒಂಬತ್ತು ವರ್ಷದಿಂದ ಈ ನಾದಿನಿ ಒಂದು ಪುಟವನ್ನೂ ಓದಿಲ್ಲವೆಂದು ಅವಳಿಗೆ ಯಾರು ಹೇಳಬೇಕು? ಅಕ್ಷರ ಕಣ್ಣಿಗೆ ಬೀಳುತ್ತಿತ್ತು, ನಿಜ. ಹರಿದ ಅಂಚನ್ನು ಜೋಡಿಸುವಾಗ ಒಂದು ಪದದ ಅರ್ಧಕ್ಕೆ ಇನ್ನರ್ಧ ಕೂಡಿಸಬೇಕು. ಅಲ್ಲಿ ಕಣ್ಣು ನಿಲ್ಲುತ್ತಿತ್ತು, ಹುಷಾರಾಗಿ, ಹೊಳೆ ದಾಟುವವರು ಕಲ್ಲಿನ ಮೇಲೆ ಕಾಲಿಟ್ಟು ನೀರಿಗೆ ತಾಗಿಸದೆ ಹೋಗುವ ಹಾಗೆ.

ರಟ್ಟಿನ ಒಳಗಿದ್ದ ಚೀಟಿಯನ್ನು ಹೊರಗೆಳೆದಳು. ಯಾರು ಯಾವಾಗ ತೆಗೆದುಕೊಂಡರೆಂದು ಬರೆಯುವ ಚೀಟಿ, ಹೆಸರಿಲ್ಲ, ಬರೀ ಸದಸ್ಯರ ಸಂಖ್ಯೆ. ಬೆರಳಿಟ್ಟು ಇಳಿಸುತ್ತ ಹೋದಳು. ನಾನೂರ ಹನ್ನೆರಡು. ಎರಡು ಸಾಲು ಬಿಟ್ಟು ಮತ್ತೆ ನಾನೂರ ಹನ್ನೆರಡು. ಹಿಂಬದಿಯಲ್ಲೂ ಅದೇ. ಎಣಿಸಿದರೆ ಇಪ್ಪತ್ತೊಂದು ಸಲ. ಯಾರೂ ಓದುವುದಿಲ್ಲ ಎಂದು ನಕ್ಕಿದ್ದನಲ್ಲ. ನಾನೂರ ಹನ್ನೆರಡು ಯಾರೆಂದು ಅವಳಿಗೆ ಗೊತ್ತಿತ್ತು. ಓದುವ ಕೋಣೆಯ ಮೂಲೆಯ ಕಿಟಕಿಯ ಪಕ್ಕ ದಿನಾ ಕೂರುವ ಮುದುಕರು. ಯಾವುದೋ ದೊಡ್ಡ ಕಚೇರಿಯ ಕಟ್ಟಡದಲ್ಲಿ ಲಿಫ್ಟ್ ನಡೆಸುತ್ತಿದ್ದವರು, ಎಲ್ಲರಿಗೂ ಲಿಫ್ಟಿನವರು. ಅವಳಿಗೆ ಒಂದು ಗಳಿಗೆ ಅವರ ಮೇಲೆ ಸಿಟ್ಟು ಬಂತು. ಇಪ್ಪತ್ತೊಂದು ಸಲ ಆ ಅಡುಗೆಮನೆಯೊಳಗೆ ಹೋಗಿ ಬಂದಿದ್ದಾರೆ, ಹೇಳದೆ ಕೇಳದೆ.

ಹನ್ನೆರಡರ ಹೊತ್ತಿಗೆ ಅವರೇ ಬಾಗಿಲಲ್ಲಿ ನಿಂತಿದ್ದರು, ಟೋಪಿ ಕೈಯಲ್ಲಿ ಹಿಡಿದು. "ನನ್ನ ಪುಸ್ತಕಾನ ಆಸ್ಪತ್ರೆಗೆ ಸೇರಿಸಿದ್ದಾರೆ ಅಂತ ಕೌಂಟರಲ್ಲಿ ಹೇಳಿದ್ರು," ಎಂದರು. "ನೋಡಿ ಹೋಗೋಣ ಅಂತ ಬಂದೆ. ಹಣ್ಣು ತರಲಿಲ್ಲ."

"ಬನ್ನಿ," ಎಂದಳು. ಆ ಕೋಣೆಯಲ್ಲಿ ಯಾರಿಗೂ ಬನ್ನಿ ಎಂದು ಹೇಳಿ ಅಭ್ಯಾಸವಿರಲಿಲ್ಲ. ಕುರ್ಚಿಯ ಮೇಲಿದ್ದ ರಟ್ಟುಗಳನ್ನು ಎತ್ತಿ ಎಲ್ಲಿಡುವುದೆಂದು ತೋಚದೆ ತೊಡೆಯ ಮೇಲೇ ಇಟ್ಟುಕೊಂಡಳು. "ಇದರೊಳಗೆ ಬೇರೆ ಪುಸ್ತಕದ ಪುಟಗಳು ಸೇರಿಕೊಂಡಿವೆ. ನಿಮಗೆ ಗೊತ್ತಿತ್ತಾ?"

ಅವರು ಕೂತು, ಟೋಪಿಯನ್ನು ಮೊಣಕಾಲಿಗೆ ತೊಡಿಸಿದರು. "ಮೊದಲನೇ ಸಲ ಗೊತ್ತಾಗ್ಲಿಲ್ಲ. ನ್ಯಾಯಾಧೀಶರಿಗೆ ಎಲ್ಲೋ ಒಂದು ಗುಟ್ಟಿನ ಮನೆ ಇರಬೇಕು, ಪಾಪ, ಅವರೂ ಮನುಷ್ಯರೇ ಅಂದ್ಕೊಂಡೆ. ಎರಡನೇ ಸಲ ಗೊತ್ತಾಯ್ತು."

"ಮತ್ತೆ ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಸರಿ ಮಾಡಿಬಿಡ್ತೀರಲ್ಲ!"

ಅವಳಿಗೆ ನಗು ಬಂತು, ಬಂದದ್ದು ಅವಳಿಗೇ ಆಶ್ಚರ್ಯವಾಯಿತು. ಅವರು ಪುಸ್ತಕದ ಮೇಲೆ ಕೈಯಿಟ್ಟರು, ಗುರುತಿನ ನಾಯಿಯ ತಲೆಯ ಮೇಲೆ ಇಡುವ ಹಾಗೆ. "ನಾನು ಇದನ್ನ ತಗೊಳ್ಳೋದು ಅಡುಗೆಮನೆಗೇ. ಈ ಆಸ್ತಿ, ದಾಯಾದಿ ಜಗಳ, ಎಂಟು ಜನ ಸಾಕ್ಷಿ, ಅದ್ಯಾವುದೂ ನಂಗೆ ಬೇಡ. ಆದ್ರೂ ಮೊದಲಿನ ನೂರಿಪ್ಪತ್ತೆಂಟು ಪುಟ ಒಂದನ್ನೂ ಬಿಡದೆ ಓದ್ತೀನಿ. ನೇರ ಅಲ್ಲಿಗೇ ಹೋದ್ರೆ ಆ ಮನೆ ಅಷ್ಟು ತಣ್ಣಗಿರೋದಿಲ್ಲ. ಬಿಸಿಲಲ್ಲಿ ನಡೆದು ಬಂದು ಬಾಗಿಲು ತಳ್ಳಬೇಕು. ಆಗ, ನೋಡಿ, ಒಳಗೆ ಯಾರೂ ಇರೋದಿಲ್ಲ. ನೀರು ಕಾಯ್ತಾ ಇರುತ್ತೆ."

"ಆಮೇಲೆ ಅವಳು ಎರಡು ಲೋಟ ತೆಗೆದಿಡ್ತಾಳೆ," ಎಂದಳು ಅವಳು. ಬಾಯಿ ತಪ್ಪಿ ಬಂದಿತ್ತು.

ಲಿಫ್ಟಿನವರು ತಲೆಯೆತ್ತಿ ನೋಡಿದರು. "ನೀವೂ ಓದಿದ್ದೀರಾ ಹಾಗಾದ್ರೆ?"

"ಇಲ್ಲ. ನಾನು ಓದೋದಿಲ್ಲ. ಹೊಲಿಯೋದಷ್ಟೇ."

ಅವರು ಒತ್ತಾಯಿಸಲಿಲ್ಲ. ಗೋಡೆಯ ಕಡೆ ತೆರೆದ ಕಿಟಕಿಯತ್ತ ತಿರುಗಿದರು. "ಮೂವತ್ತೊಂದು ವರ್ಷ ಲಿಫ್ಟಲ್ಲಿ ನಿಂತಿದ್ದೆ ಅಮ್ಮಾ. ಎರಡನೇ ಮಹಡೀಲಿ ಹತ್ತಿದವರು, 'ಅಷ್ಟಾದ ಮೇಲೆ ಅವಳೇನು ಮಾಡಿದಳು ಗೊತ್ತಾ?' ಅಂತಾರೆ, ಐದರಲ್ಲಿ ಇಳಿದುಬಿಡ್ತಾರೆ. ಏನು ಮಾಡಿದಳು? ಬಾಗಿಲು ಮುಚ್ಚಿತು, ಮುಗೀತು. ಮನೇಗೆ ಹೋಗಿ ನಮ್ಮವಳಿಗೆ ಹೇಳೋದು, ಇವತ್ತು ಇಷ್ಟು ಸಿಕ್ತು, ಮುಂದಿಂದು ನೀನು ಹೇಳು ಅಂತ. ಅವಳು ಒಲೆ ಮುಂದೆ ನಿಂತ್ಕೊಂಡೇ ಹೇಳೋಳು. ಏನು ಸುಳ್ಳು, ಏನು ಸುಳ್ಳು ಅಂತೀರಿ!" ಅವರ ಮೊಣಕಾಲ ಮೇಲಿನ ಟೋಪಿ ಒಂದು ಸುತ್ತು ತಿರುಗಿತು. "ಅವಳು ಹೋದಮೇಲೆ ಇಲ್ಲಿಗೆ ಬರೋಕೆ ಶುರು ಮಾಡಿದೆ. ಪುಸ್ತಕಗಳದ್ದು ಒಂದು ತೊಂದರೆ, ಎಲ್ಲಾನೂ ಅವೇ ಹೇಳಿ ಮುಗಿಸಿಬಿಡ್ತವೆ. ಇದೊಂದು ಹಾಗಲ್ಲ. ಮೇಲಿಂದ ಹೆಜ್ಜೆ ಸಪ್ಪಳ, ಒಂದೊಂದೇ ಮೆಟ್ಟಿಲು. ಕೊನೇ ಮೆಟ್ಟಿಲ ಮೇಲೆ ಕಾಲು. ತಿರುವಿದ್ರೆ ಕೋರ್ಟು."

"ಯಾರು ಅಂದ್ಕೋತೀರಿ, ಇಳಿದು ಬರೋದು?"

"ಒಂದೊಂದು ಸಲ ಒಬ್ಬೊಬ್ಬರು. ಒಂದು ಸಲ ಯಾರೂ ಇಲ್ಲ, ಮರದ ಮೆಟ್ಟಿಲು ಬಿಸಿಲಿಗೆ ಲಟಲಟ ಅಂದಿದ್ದು." ಎದ್ದು ನಿಂತರು. "ಸರಿ ಮಾಡ್ತೀರಾ ಇದನ್ನ?"

"ಮಾಡಬೇಕು. ಐದು ಗಂಟೆಗೆ."

"ಮಾಡಬೇಕಲ್ಲ, ನಿಮ್ಮ ಕೆಲಸ," ಎಂದರು. ಟೋಪಿ ಹಾಕಿಕೊಂಡರು. ಕೌಂಟರಿನ ಮುಂದೆ ಹೋಗುವಾಗ ಯಾರೋ ಏನೋ ಹೇಳಿದ್ದಕ್ಕೆ ಅವರು ನಕ್ಕದ್ದು ಕೇಳಿಸಿತು.

ಎಲ್ಲಿದ್ದೀಯೇ? ಅಪ್ಪ ಹಾಗೆ ಕೇಳುತ್ತಿದ್ದ. ಎದುರಿಗೇ ಕೂತು, ನೇರ ಅವಳನ್ನೇ ನೋಡುತ್ತ. ಆಗ ಅವಳಿಗೆ ಹನ್ನೆರಡೋ ಹದಿಮೂರೋ. ಪುಸ್ತಕ ಹಿಡಿದು, ಕಾಲು ಮಡಿಸಿ ಗೋಡೆಗೊರಗಿ ಕೂತರೆ ಕರೆದದ್ದು ಕೇಳಿಸುತ್ತಿರಲಿಲ್ಲ. ಅಪ್ಪ ಬಸ್ ಡ್ರೈವರ್. ಇಪ್ಪತ್ತೆಂಟು ವರ್ಷ ರಸ್ತೆ ಬಿಟ್ಟು ಬೇರೆ ಕಡೆ ಕಣ್ಣು ಹೊರಳಿಸದ ಮನುಷ್ಯ. "ಕಣ್ಣು ತೆರೆದಿದ್ದು ಆಸಾಮಿ ಒಳಗಿಲ್ಲದಿದ್ರೆ ಅದಕ್ಕೆ ಆ್ಯಕ್ಸಿಡೆಂಟ್ ಅಂತಾರೆ ಕಣೇ," ಎನ್ನುತ್ತಿದ್ದ. "ಎಲ್ಲಿದ್ದೀಯೇ?" "ಬಂದೆ ಅಪ್ಪಾ, ಒಂದು ನಿಮಿಷ." ಎಲ್ಲಿಗೂ ಹೋಗದವಳು ಎಲ್ಲಿಂದ ಬರಬೇಕಿತ್ತೆಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ಅವನಿಗೆ ಸಿಟ್ಟಿರಲಿಲ್ಲ, ಒಂದು ಥರದ ಗಾಬರಿ ಇತ್ತು. ಬಸ್ಸಿನಲ್ಲಿ ಇದ್ದ ಪ್ರಯಾಣಿಕರಲ್ಲಿ ಒಬ್ಬರು ಮಧ್ಯದಾರಿಯಲ್ಲಿ ಇಳಿಯದೆಯೇ ಮಾಯವಾದರೆ ಆಗುವಂಥದ್ದು. ನಿಲ್ದಾಣ ಇಲ್ಲದ ಕಡೆ ಇಳಿಯುವ ಆ ಸುಖವನ್ನು ಅವಳು ಅವನಿಗೆ ಎಂದೂ ವಿವರಿಸಲಿಲ್ಲ. ವಿವರಿಸಿದರೆ, ನಿನ್ನ ಜೊತೆ ಇರುವುದಕ್ಕಿಂತ ಇಲ್ಲದಿರುವುದೇ ಹಿತ ಎಂದ ಹಾಗಾಗುತ್ತಿತ್ತು. ಅದು ನಿಜವೂ ಆಗಿತ್ತೇನೋ. ಅಣ್ಣನ ಮನೆಯ ಮುಂದಿನ ಕೋಣೆಯಲ್ಲಿ ಅಪ್ಪ ಹಾಸಿಗೆ ಹಿಡಿದು ಮಲಗಿದ್ದ ಎಂಟು ತಿಂಗಳು ಅವಳು ದಿನಾ ಗ್ರಂಥಾಲಯಕ್ಕೆ ಅರ್ಧ ಗಂಟೆ ಮೊದಲೇ ಬರುತ್ತಿದ್ದಳು. ಔಷಧದ ವಾಸನೆಯಿಂದ ಅಂಟಿನ ವಾಸನೆಗೆ. ಅಂಟಿನ ವಾಸನೆಯಿಂದ, ಯಾವುದಾದರೊಂದು ಬಿಡಿ ಫಾರಂ ಕೈಗೆ ಸಿಕ್ಕರೆ, ಇನ್ನೂ ಆಚೆಗೆ.

ಒಂಬತ್ತು ವರ್ಷದ ಹಿಂದಿನ ಆ ದಿನ ಎರಡೂ ಪುಸ್ತಕಗಳ ಹೊಲಿಗೆ ಬಿಚ್ಚಿ ಮೇಜಿನ ಮೇಲೆ ಎರಡು ರಾಶಿ ಮಾಡಿದ್ದಳು. ನ್ಯಾಯಾಧೀಶರ ಒಂಬತ್ತನೆಯ ಫಾರಂ ಒಂದು ಮೂಲೆ ಹರಿದಿದ್ದರಿಂದ ತೇಪೆ ಹಾಕಿ ಒಣಗಲು ಇಟ್ಟಿದ್ದಳು. ತೆಳು ಪುಸ್ತಕದ ಒಂಬತ್ತನೆಯದನ್ನು ಸುಮ್ಮನೆ ಕೈಗೆತ್ತಿಕೊಂಡಳು. ಒಬ್ಬಳು ಹೆಂಗಸು ಒಂದು ಮನೆಗೆ ಬರುತ್ತಾಳೆ, ಕಾಯುತ್ತಿರುವ ನೀರಿನ ಮುಂದೆ ನಿಲ್ಲುತ್ತಾಳೆ, ಕಿಟಕಿಯ ಹೊರಗೆ ಯಾರೋ ಒಣಗಲು ಹಾಕಿದ ಬಟ್ಟೆಯ ನೆರಳು ನೆಲದ ಮೇಲೆ ಆಡುತ್ತದೆ, ಬೇರೇನೂ ಆಗುವುದಿಲ್ಲ. ಏನೂ ಆಗದಿರುವುದು ಎಷ್ಟು ದಿನಗಳಿಂದ ಅವಳಿಗೆ ಬೇಕಾಗಿತ್ತು. ಆಗ ಕೌಂಟರಿನ ಹೆಂಗಸು ಬಾಗಿಲಿಗೆ ಬಂದು, "ಮನೆಯಿಂದ ಫೋನು. ಬೇಗ ಬರಬೇಕಂತೆ," ಎಂದಳು. ಆ ತಿಂಗಳು ಅಂಥ ಫೋನು ಎರಡು ಸಲ ಬಂದಿತ್ತು, ಎರಡು ಸಲವೂ ಅವಳು ಓಡಿದ್ದಳು, ಎರಡು ಸಲವೂ ಅಪ್ಪ ಕಣ್ಣು ಬಿಟ್ಟು, 'ಯಾಕೆ, ರಜಾನಾ?' ಎಂದು ಕೇಳಿದ್ದ. ಇದು ಮೂರನೆಯದು. "ಅಂಟು ಹಚ್ಚಿಬಿಟ್ಟಿದ್ದೀನಿ," ಎಂದಳು ಅವಳು. "ಬಿಟ್ಟುಹೋದ್ರೆ ಹಾಳಾಗುತ್ತೆ. ಹದಿನೈದು ನಿಮಿಷದಲ್ಲಿ ಹೊರಡ್ತೀನಿ ಅಂತ ಹೇಳಿ." ಕೈಗಳು ಒಣಗಿದ್ದವು. ಒಂದು ಹನಿ ಅಂಟು ಎಲ್ಲೂ ಇರಲಿಲ್ಲ. ಉಳಿದಿದ್ದದ್ದು ಏಳು ಪುಟ.

ಓದಿ ಮುಗಿಸಿದಳು. ಕೊನೆಯ ಮೆಟ್ಟಿಲ ಮೇಲೆ ಕಾಲು. ಫಾರಂ ಅಲ್ಲಿಗೆ ಮುಗಿಯಿತು. ಹತ್ತನೆಯದು ರಾಶಿಯ ಮೇಲೇ ಇತ್ತು. ಅದರ ಮೇಲೆ ಕೈಯಿಟ್ಟು, ತೆಗೆದು, ಎರಡೂ ಫಾರಂಗಳನ್ನು, ಯಾವುದು ಯಾವುದಕ್ಕೆಂದು ನೋಡದೆ, ಎರಡು ರಾಶಿಗೆ ಸೇರಿಸಿ, ಚೀಲ ಹೆಗಲಿಗೆ ಹಾಕಿಕೊಂಡು ಓಡಿದಳು. ರಸ್ತೆಯ ತಿರುವಿನಿಂದಲೇ ಕಂಡಿತು. ಮನೆಯ ಮುಂಬಾಗಿಲು ಪೂರ್ತಿ ತೆರೆದಿತ್ತು. ಧೂಳು ಬರುತ್ತದೆಂದು ಅತ್ತಿಗೆ ಎಂದೂ ಹಾಗೆ ತೆರೆಯುತ್ತಿರಲಿಲ್ಲ. "ಹತ್ತು ನಿಮಿಷದ ಹಿಂದೆ," ಎಂದ ಅಣ್ಣ. ಅತ್ತಿಗೆ ಆಮೇಲೆ, ಎಷ್ಟೋ ದಿನ ಕಳೆದ ಮೇಲೆ, ತಟ್ಟೆ ಒರೆಸುತ್ತ ಹೇಳಿದ್ದಳು: "ಕೊನೇವರೆಗೂ ಬಾಗಿಲ ಕಡೇನೇ ನೋಡ್ತಾ ಇದ್ರು. ಎಲ್ಲಿದ್ದಾಳೆ ಅವಳು ಅಂತ ಕೇಳಿದ್ರು." ಕೆಲಸದಲ್ಲಿದ್ದಾಳೆ, ಅಂಟು ಹಚ್ಚಿದ್ದಾಳಂತೆ, ಬರ್ತಾಳೆ ಎಂದು ಅತ್ತಿಗೆ ಉತ್ತರ ಕೊಟ್ಟಿದ್ದಳಂತೆ. ಅಪ್ಪ ತಲೆ ಆಡಿಸಿದನಂತೆ. ನಂಬಿದನೋ ಇಲ್ಲವೋ. ರಜೆ ಮುಗಿಸಿ ಬಂದಾಗ ಬಿಳಿ ದಾರ ಖಾಲಿಯಾಗಿತ್ತು. ಹಸಿರು ದಾರದಲ್ಲಿ, ರಾಶಿಯಲ್ಲಿದ್ದದ್ದನ್ನು ಇದ್ದ ಹಾಗೆ, ಒಂದು ಅಕ್ಷರವೂ ಕಣ್ಣಿಗೆ ಬೀಳದಂತೆ ಹೊಲಿದಿದ್ದಳು.

ಎರಡು ಗಂಟೆಗೆ ನೆಲಮಾಳಿಗೆಗೆ ಇಳಿದಳು. ತೀರ್ಮಾನ ಮಾಡಿ ಇಳಿದದ್ದಲ್ಲ. ಚಾಕು ಕೈಗೆತ್ತಿಕೊಂಡಿದ್ದಳು, ನೂರಿಪ್ಪತ್ತೆಂಟನೆಯ ಪುಟ ತೆರೆದಿದ್ದಳು, ಅಂಚಿನಲ್ಲಿ ಪೆನ್ಸಿಲಿನಿಂದ ಯಾರೋ ಹಾಕಿದ ಬಹಳ ಸಣ್ಣ ಗೆರೆ ಕಂಡಿತ್ತು; ಬಾಗಿಲಿಗೆ ಕೈಯಿಟ್ಟ ಹಾಗಿದ್ದ ಗೆರೆ. ಅದನ್ನು ನೋಡಿ ಚಾಕು ಕೆಳಗಿಟ್ಟಳು, ಅಷ್ಟೇ. ರದ್ದಿಗೆ ಹಾಕಿದ ಪುಸ್ತಕಗಳು ಗೋಡೆಗುಂಟ ಸೊಂಟದವರೆಗೆ ಬೆಳೆದಿದ್ದವು. ಬೂದು ರಟ್ಟು ಹುಡುಕಲು ಮುಕ್ಕಾಲು ಗಂಟೆ ಹಿಡಿಯಿತು. ಅದರ ಚೀಟಿಯಲ್ಲಿ ಒಂಬತ್ತು ವರ್ಷಕ್ಕೆ ಮೂರೇ ಸಂಖ್ಯೆ. ಮೂವರೂ, ನೀರು ಕಾಯುವ ಜಾಗದಲ್ಲಿ ಕೋರ್ಟು ಬಂದದ್ದನ್ನು ನೋಡಿ ಏನೂ ಅನ್ನದೆ ಹಿಂದಿರುಗಿಸಿದ್ದರು. ತನ್ನಿಂದ ಸತ್ತದ್ದು ಎಂದುಕೊಂಡಳು. ಮೇಲೆ ತಂದು, ಎರಡೂ ಪುಸ್ತಕಗಳ ಬೆನ್ನಿನ ಬಟ್ಟೆ ಸುಲಿದು, ಹಸಿರು ದಾರವನ್ನು ಒಂದೊಂದೇ ಗಂಟಿನಲ್ಲಿ ಕತ್ತರಿಸಿದಳು. ಒಂಬತ್ತನೆಯ ಫಾರಂ ತನ್ನ ಹತ್ತನೆಯದರ ಪಕ್ಕಕ್ಕೆ ಬಂದು ಕೂತಿತು.

ಬಾಗಿಲು ಮುಚ್ಚಿ ಬಂದು ಓದಿದಳು. ಮೊದಲಿಂದ, ಬಾಗಿಲು ತಳ್ಳಿದಲ್ಲಿಂದ. ಬಟ್ಟೆಯ ನೆರಳು ನೆಲದ ಮೇಲೆ ಅದೇ ಜಾಗದಲ್ಲಿ ಆಡುತ್ತಿತ್ತು, ಈ ಒಂಬತ್ತು ವರ್ಷ ಯಾರೂ ಆ ಬಟ್ಟೆಯನ್ನು ಒಳಗೆ ತಂದಿರಲಿಲ್ಲ. ಕಣ್ಣು ಸಾಲಿನಿಂದ ಸಾಲಿಗೆ ಇಳಿಯುತ್ತಲೇ ಹೋಯಿತು, ನಾಚಿಕೆಯಿಲ್ಲದೆ, ಹಸಿದ ಪ್ರಾಣಿಯ ಹಾಗೆ. ಎರಡು ಲೋಟ. ಮೆಟ್ಟಿಲ ಸಪ್ಪಳ. ಕೊನೆಯ ಮೆಟ್ಟಿಲ ಮೇಲೆ ಕಾಲು. ಅವಳು ಹತ್ತನೆಯ ಫಾರಂ ತಿರುವಿದಳು. ಇಳಿದು ಬಂದವನು ಬಡಗಿ. ಮೇಲಿನ ಕಿಟಕಿಯ ಅಳತೆ ತೆಗೆದುಕೊಂಡೆ, ಬುಧವಾರ ಬರುತ್ತೇನೆ ಎಂದು ಹೇಳಿ, ಲೋಟವನ್ನು ಮುಟ್ಟದೆ ಹೊರಟುಹೋದ. ಮುಂದಿನ ಪ್ಯಾರಾದಲ್ಲಿ ಆ ಹೆಂಗಸು ಊರಿಗೆ ಕಾಗದ ಬರೆಯಲು ಕೂತಿದ್ದಳು.

ಒಬ್ಬ ಬಡಗಿ. ಅವಳು ಗೋಡೆ ನೋಡುತ್ತ ಕೂತಳು. ಹದಿನೈದು ನಿಮಿಷವನ್ನು ಕೊಟ್ಟದ್ದು ಬಡಗಿಗೆ. ನಗು ಬರುವಂತಿತ್ತು, ಬಂತು ಕೂಡ, ಮೂಗಿನಲ್ಲಿ, ಒಂದು ಸಲ. ಅಲ್ಲ. ಬಡಗಿಗೆ ಕೊಟ್ಟದ್ದಲ್ಲ. ಅವನು ಬರುವುದಕ್ಕೆ ಮುಂಚಿನ ಏಳು ಪುಟಕ್ಕೆ. ಯಾರಾದರೂ ಆಗಿರಬಹುದಾದ ಒಬ್ಬರು ಇನ್ನೂ ಮೆಟ್ಟಿಲ ಮೇಲಿದ್ದ ಹೊತ್ತಿಗೆ. ಅದರಿಂದ ತಪ್ಪು ಚಿಕ್ಕದಾಗುವುದಿಲ್ಲ, ಅದು ಅವಳಿಗೆ ತಿಳಿದಿತ್ತು. ಆದರೆ ಒಂಬತ್ತು ವರ್ಷ ತಾನು ಏನನ್ನು ಕದ್ದೆ ಎಂಬುದೇ ತಿಳಿಯದ ಕಳ್ಳಿಯಾಗಿದ್ದಳು. ಸೂಜಿಗೆ ಬಿಳಿ ದಾರ ಪೋಣಿಸಿದಳು.

ಐದಕ್ಕೆ ಇನ್ನೂ ಹತ್ತು ನಿಮಿಷವಿರುವಾಗ ಗ್ರಂಥಪಾಲಕ ಬಂದ. ದಪ್ಪ ಪುಸ್ತಕ ತೆಗೆದು, ನ್ಯಾಯಾಧೀಶರು ಬಾಗಿಲು ತಳ್ಳಿ ನೇರ ಕೋರ್ಟಿಗೇ ಹೋಗುವುದನ್ನು ನೋಡಿ ಹುಬ್ಬೇರಿಸಿದ. "ಅರೆ! ಕಳೆದುಹೋದ ಪುಟಗಳು ಎಲ್ಲಿ ಸಿಕ್ಕಿದ್ವು? ಯಾವ ಪುಸ್ತಕ ಅಂತ ಹೇಗೆ ಗೊತ್ತಾಯ್ತು ನಿಮಗೆ?"

"ನಾನೇ ಕಟ್ಟಿದ್ದು ಸರ್," ಎಂದಳು. "ಎರಡನ್ನೂ. ಬೆಳಿಗ್ಗೆ ಸುಳ್ಳು ಹೇಳಿದೆ. ಹೊರಗಿನವರು ಅಂತ ಬರೀಬೇಡಿ."

ಅವನಿಗೆ ಮುಜುಗರವಾಯಿತು, ತನ್ನದೇ ತಪ್ಪೇನೋ ಎಂಬ ಹಾಗೆ. "ಅಯ್ಯೋ, ಹೋಗ್ಲಿ ಬಿಡಿ ಮೇಡಂ. ಒಂದು ಫಾರಂ ತಾನೆ. ಅದ್ಹೇಗಾಯ್ತು ಆದ್ರೂ?"

"ಓದ್ತಾ ಇದ್ದೆ ಸರ್."

ಅವನು ಒಂದು ಕ್ಷಣ ನೋಡಿ, ಆಮೇಲೆ ಮನಸಾರೆ ನಕ್ಕ. "ಲೈಬ್ರರೀಲಿ ಓದೋದೂ ತಪ್ಪಾ?" ಎಂದ. ಪುಸ್ತಕ ಎತ್ತಿಕೊಂಡು ಹೊರಟ. "ಓದ್ತಾ ಇದ್ರಂತೆ!" ಎಂದು ಕೌಂಟರಿನವರಿಗೆ ಹೇಳಿದ್ದು ಕೇಳಿಸಿತು; ಅಲ್ಲೂ ನಗು. ಒಂಬತ್ತು ವರ್ಷ ಹೊತ್ತದ್ದನ್ನು ಇಳಿಸಿದರೆ ನೆಲಕ್ಕೆ ಬಿದ್ದ ಸದ್ದೂ ಆಗಲಿಲ್ಲ. ಯಾರಿಗೆ ಹೇಳಬೇಕಿತ್ತೋ ಅವನಿಗೆ ಇನ್ನು ಹೇಳುವ ಹಾಗಿರಲಿಲ್ಲ. ಅವಳು ಕೈ ತೊಳೆದುಕೊಂಡಳು. ತೆಳು ಪುಸ್ತಕವನ್ನು ಎದೆಗವಚಿಕೊಂಡು, ಈ ಹೊತ್ತಿನಲ್ಲಿ ಅವಳು ಎಂದೂ ಕಾಲಿಡದ ಓದುವ ಕೋಣೆಗೆ ಹೋದಳು.

ಲಿಫ್ಟಿನವರು ಮೂಲೆಯ ಕಿಟಕಿಯ ಪಕ್ಕ ಖಾಲಿ ಕೈಯಲ್ಲಿ ಕೂತಿದ್ದರು. ಅವರ ಮುಂದೆ ಪುಸ್ತಕ ಇಟ್ಟಳು. "ಅಡುಗೆಮನೆ ಇದರದ್ದು," ಎಂದಳು. "ಮುಂದಿನದೂ ಇದೆ. ಯಾರು ಅಂತ ಇದೆ."

"ನೀವು ನೋಡಿದ್ರಾ?"

"ನೋಡಿದೆ."

"ಹೇಳಬೇಡಿ," ಎಂದರು ಅವರು ತಕ್ಷಣ. ಆಮೇಲೆ ಅವಳ ಮುಖವನ್ನೇ ನೋಡುತ್ತ, ಇಸ್ಪೀಟಿನಲ್ಲಿ ಎದುರಿನವರ ಎಲೆ ಊಹಿಸುವ ಹಾಗೆ: "ನಮ್ಮವಳು ಹೇಳ್ತಿದ್ದಕ್ಕಿಂತ ಚೆನ್ನಾಗಿದೆಯಾ?"

"ಇಲ್ಲ."

"ಇರೋಕೆ ಸಾಧ್ಯವೇ ಇಲ್ಲ," ಎಂದು ಸಮಾಧಾನದಿಂದ ಹೇಳಿ ಮೊದಲ ಪುಟ ತೆರೆದರು.

ಅವಳು ಹೋಗಿ ಕೋಣೆ ಗುಡಿಸಿದಳು, ಗಂಟು ಕಟ್ಟಿದ ಅಂಟನ್ನು ಚೆಲ್ಲಿ ಪಾತ್ರೆ ಉಜ್ಜಿದಳು. ಕೌಂಟರಿನವರು ಒಬ್ಬೊಬ್ಬರಾಗಿ ಹೊರಟರು. ಮುಚ್ಚುವ ಗಂಟೆ ಬಾರಿಸಿ ಗ್ರಂಥಪಾಲಕ, "ಮೇಡಂ, ಮೂಲೇಲಿ ನಿಮ್ಮ ಗಿರಾಕಿ ಇನ್ನೂ ಕೂತಿದ್ದಾರೆ, ಎಬ್ಬಿಸಿ," ಎಂದು ಕೂಗಿ ಬೀಗದ ಕೈ ಹುಡುಕಲು ಹೋದ. ಓದುವ ಕೋಣೆಯಲ್ಲಿ ಉಳಿದವರು ಅವರೊಬ್ಬರೇ. ಕಿಟಕಿಯ ಬೆಳಕು ಮೇಜಿನ ಅರ್ಧದವರೆಗೆ ಹಿಂದೆ ಸರಿದಿತ್ತು. ಅದರ ಜೊತೆ ಅವರೂ ಗೊತ್ತಿಲ್ಲದೆ ಸ್ವಲ್ಪ ಸ್ವಲ್ಪವೇ ಬಾಗುತ್ತ ಹೋಗಿದ್ದರು. ಎಷ್ಟನೆಯ ಪುಟವೋ ಅವಳಿಗೆ ಕಾಣಲಿಲ್ಲ. ಎದುರಿಗೆ ಹೋಗಿ ನಿಂತಳು. ಅವರು ನೋಡಲಿಲ್ಲ. ಓದುವವರನ್ನು ಅವಳು ಹೀಗೆ ಎದುರಿನಿಂದ ನೋಡಿದ್ದು ಇದೇ ಮೊದಲು. ಕಣ್ಣು ತೆರೆದಿತ್ತು. ತುಟಿ ಕೊಂಚ ಬಿಚ್ಚಿತ್ತು. ಹಣೆಯ ಗೆರೆಗಳನ್ನು ಯಾರೋ ಒಳಗಿನಿಂದ ಸಡಿಲಿಸಿದ ಹಾಗಿತ್ತು. ಇಷ್ಟು ಹತ್ತಿರವಿದ್ದೂ ಆ ಮುಖ ಅವಳನ್ನು ದೂಡುತ್ತಿರಲಿಲ್ಲ. ಸುಮ್ಮನೆ, ಅವಳಿಗೆ ಬೆನ್ನು ಹಾಕದೆಯೇ, ಎಲ್ಲಿಗೋ ಹೋಗಿತ್ತು.

"ಎಲ್ಲಿದ್ದೀರಿ?" ಎಂದಳು ಮೆಲ್ಲಗೆ.

ಲಿಫ್ಟಿನವರು ತಲೆಯೆತ್ತಲಿಲ್ಲ. ಎಡಗೈಯ ಒಂದು ಬೆರಳು ಮಾತ್ರ ಮೇಜಿನಿಂದ ಮೇಲೆದ್ದಿತು. "ಬಂದೆ," ಎಂದರು. "ಒಂದು ನಿಮಿಷ."

ಹೊರಗೆ ಗ್ರಂಥಪಾಲಕ ಬೀಗದ ಕೈಗಳನ್ನು ಝಣಝಣ ಆಡಿಸುತ್ತಿದ್ದ. ಅವಳು ಎದುರಿನ ಕುರ್ಚಿಯನ್ನು ಸದ್ದಾಗದಂತೆ ಎಳೆದು ಕೂತಳು. ಎರಡೂ ಕೈಗಳನ್ನು ಮೇಜಿನ ಮೇಲೆ ಬೆಳಕಿರುವ ಕಡೆ ಇಟ್ಟುಕೊಂಡಳು. ಅವರು ಪುಟ ತಿರುವಿದರು.